ಅಜ್ಜನ ಕಾಗದದಲ್ಲಿ ‘ಆಸ್ಪತ್ರೆ ಹಡಗು’ ಅಂತಿದೆ, ಆ ಹಡಗು ಎಲ್ಲಿದೆ?

ಪ್ರಶ್ನೆ: ನಾನು ಕೊಪ್ಪಳ ಜಿಲ್ಲೆಯ ಯಲಬುರ್ಗಾ ತಾಲೂಕಿನವಳು, ಶಾಲೆಯಲ್ಲಿ ಟೀಚರ್. ನಮ್ಮ ಅಜ್ಜ 1963ರಿಂದ 1978ರವರೆಗೆ ನೌಕಾಪಡೆಯ ವೈದ್ಯಕೀಯ ವಿಭಾಗದಲ್ಲಿದ್ದರು. ಈಗ ಅವರಿಲ್ಲ. ಟ್ರಂಕಿನಲ್ಲಿ ಸಿಕ್ಕ ಅವರ ಸರ್ವಿಸ್ ಕಾಗದದಲ್ಲಿ ಮೂರು ಹೆಸರುಗಳಿವೆ: ಐ.ಎನ್.ಎಚ್.ಎಸ್. ಅಶ್ವಿನಿ, ಐ.ಎನ್.ಎಸ್. ಮೈಸೂರು, ಐ.ಎನ್.ಎಸ್. ದರ್ಶಕ್. ಅಶ್ವಿನಿ ಹೆಸರೇ ಜಾಸ್ತಿ ಸಲ ಬರುತ್ತದೆ. ಐ.ಎನ್.ಎಚ್.ಎಸ್. ಅಂದರೆ ‘ಭಾರತೀಯ ನೌಕಾ ಆಸ್ಪತ್ರೆ ಹಡಗು’ ಅಂತ ತಿಳಿದು, ಕೆಂಪು ಶಿಲುಬೆ ಇರುವ ದೊಡ್ಡ ಬಿಳಿ ಹಡಗಿನ ಫೋಟೊವನ್ನು ತಮ್ಮ ಇಂಟರ್ನೆಟ್‌ನಿಂದ ತೆಗೆದು, ಕಟ್ಟು ಹಾಕಿಸಿ, ಅಜ್ಜನ ಫೋಟೊ ಪಕ್ಕ ತೂಗುಹಾಕಿದ್ದಾನೆ. ಮೊನ್ನೆ ತಂಗಿಯ ಕುಬಸಕ್ಕೆ ಬಂದ ಬೀಗರ ಕಡೆಯ ಒಬ್ಬರು, ಭೂಸೇನೆಯಲ್ಲಿದ್ದವರು, ಎಲ್ಲರೆದುರು ನಕ್ಕರು. ‘ಅಶ್ವಿನಿ ಅನ್ನೋದು ಹಡಗೇ ಅಲ್ಲ, ಮುಂಬೈನ ದವಾಖಾನೆ. ನಿಮ್ಮಜ್ಜ ಸಮುದ್ರಕ್ಕೆ ಹೋಗೇ ಇಲ್ಲ. ಮತ್ತೆ ಯುದ್ಧದ ಪದಕ ಎಲ್ಲಿಂದ ಬಂತು?’ ಅಂದರು. ತಮ್ಮ ಜಗಳವಾಡಿದ. ಅಪ್ಪ ಮಾತಾಡಲಿಲ್ಲ. ಅಜ್ಜಿ ಮಾತ್ರ, ‘ಅವರಿದ್ದ ಹಡಗು ಬೆಳ್ಳಗಿತ್ತಂತ, ಹೊಲ ಹೂಡಿದಂಗ ಆ ಕಡೆ ಹೋಗೋದು ಈ ಕಡೆ ಬರೋದು ಮಾಡ್ತಿತ್ತಂತ’ ಅನ್ನುತ್ತಾರೆ. ಅಜ್ಜ ನಮಗೆ ಸುಳ್ಳು ಹೇಳಿದರಾ? ಭಾರತಕ್ಕೆ ಆಸ್ಪತ್ರೆ ಹಡಗು ಇತ್ತೋ ಇಲ್ಲವೋ? ಅಂಥ ಹಡಗಿಗೆ ಯಾರೂ ಗುಂಡು ಹಾರಿಸುವುದಿಲ್ಲ ಅನ್ನುತ್ತಾರಲ್ಲ, ಅದು ನಿಜವಾ? ಪೂರ್ತಿ ದಾಖಲೆ ತೆಗೆಸುವುದು ಹೇಗೆ?

ಉತ್ತರ:

ತಂಗಿ, ಮೊದಲು ಅಪ್ಪನಿಗೆ ಹೇಳಿ. ಅಜ್ಜ ಸುಳ್ಳು ಹೇಳಿಲ್ಲ. ನೀವು ಬರೆದ ಆ ಮೂರು ಹೆಸರು ಮತ್ತು ಅಜ್ಜಿಯ ಒಂದು ಮಾತು ಸೇರಿದರೆ ನನಗೆ ಬೇಕಾದ ಉತ್ತರ ಸಿಗುತ್ತದೆ. ನಾನೂ ನೌಕಾಪಡೆಯ ಅದೇ ವಿಭಾಗದಲ್ಲಿದ್ದವನು. ನಿವೃತ್ತಿಯಾಗಿ ಬಳ್ಳಾರಿಗೆ ಬಂದ ಮೇಲೆ ನಮ್ಮ ಕಡೆಯ ಎಷ್ಟೋ ಮನೆಗಳ ಇಂಥ ಕಾಗದ ಓದಿಕೊಟ್ಟಿದ್ದೇನೆ. ಈ ಗೊಂದಲ ನಿಮ್ಮ ಮನೆಗೆ ಮಾತ್ರ ಬಂದಿದ್ದಲ್ಲ.

ನಿಮ್ಮ ಬೀಗರ ಕಡೆಯವರ ಮಾತಿನಲ್ಲಿ ಅರ್ಧ ನಿಜ ಇದೆ. ಅಶ್ವಿನಿ ಮುಂಬೈನ ಕೊಲಾಬಾದಲ್ಲಿರುವ ನೌಕಾಪಡೆಯ ದೊಡ್ಡ ಆಸ್ಪತ್ರೆ. ನೆಲದ ಮೇಲೆ, ಕಲ್ಲು ಸಿಮೆಂಟಿನಲ್ಲಿ ಕಟ್ಟಿದ್ದು. ಅದು ತೇಲುವುದಿಲ್ಲ. ಆದರೆ ‘ಹಡಗೇ ಅಲ್ಲ’ ಅಂದರಲ್ಲ, ಅದು ತಪ್ಪು. ನೌಕಾಪಡೆಯ ಲೆಕ್ಕದಲ್ಲಿ ಅದು ಹಡಗೇ. ಹೆಸರಿನ ಕೊನೆಯಲ್ಲಿರುವ ಎಸ್ ಅಕ್ಷರಕ್ಕೆ ‘ಶಿಪ್’ ಅಂತಲೇ ಅರ್ಥ. ನಿಮ್ಮ ತಮ್ಮ ಅಕ್ಷರ ಬಿಡಿಸಿದ್ದು ಸರಿಯಾಗಿಯೇ ಇದೆ.

ಕಟ್ಟಡಕ್ಕೆ ಹಡಗು ಅಂತ ಹೆಸರು ಯಾಕೆ? ಇದು ಬ್ರಿಟಿಷರಿಂದ ಬಂದ ಪದ್ಧತಿ. ಅವರ ನೌಕಾ ಕಾನೂನು ಹಡಗಿನ ಪುಸ್ತಕದಲ್ಲಿ ಹೆಸರಿದ್ದವರಿಗೆ ಅನ್ವಯವಾಗುತ್ತಿತ್ತು. ದಡದ ಮೇಲೆ ಕೆಲಸ ಮಾಡುವ ನಾವಿಕನೂ ಆ ಶಿಸ್ತಿನೊಳಗೆ ಬರಬೇಕು, ಸಂಬಳ ಪಡಿತರ ಎಲ್ಲ ಅದೇ ಪುಸ್ತಕದಿಂದ ನಡೆಯಬೇಕು. ಹಾಗಾಗಿ ತರಬೇತಿ ಶಾಲೆ, ಆಸ್ಪತ್ರೆ, ಕಚೇರಿಗಳನ್ನೂ ಹಡಗು ಅಂತ ಬರೆದುಕೊಂಡರು. 1804ರಲ್ಲಂತೂ ಕೆರಿಬಿಯನ್ ಸಮುದ್ರದ ಮಾರ್ಟಿನಿಕ್ ದ್ವೀಪದ ಹತ್ತಿರ ಒಂದು ಬರೀ ಬಂಡೆಯ ಮೇಲೆ ಫಿರಂಗಿ ಏರಿಸಿ, ಆ ಬಂಡೆಯನ್ನೇ ‘ಡೈಮಂಡ್ ರಾಕ್’ ಅನ್ನುವ ಯುದ್ಧ ಹಡಗು ಅಂತ ದಾಖಲೆಗೆ ಸೇರಿಸಿದ್ದರು. ಮರುವರ್ಷ ಅದು ಫ್ರೆಂಚರ ಪಾಲಾಯಿತು.

ನಮ್ಮಲ್ಲೂ ಅದೇ ಪದ್ಧತಿ. ಐ.ಎನ್.ಎಸ್. ಶಿವಾಜಿ ಇರುವುದು ಲೋನಾವಳದ ಗುಡ್ಡದ ಮೇಲೆ. ನಮ್ಮ ಕಾರವಾರದ ಐ.ಎನ್.ಎಸ್. ಕದಂಬ ಒಂದು ನೌಕಾನೆಲೆ. ಅಲ್ಲೇ ಇರುವ ಐ.ಎನ್.ಎಚ್.ಎಸ್. ಪತಂಜಲಿ ಒಂದು ಆಸ್ಪತ್ರೆ. 2020ರಲ್ಲಿ ಕೊರೊನಾ ಬಂದಾಗ ಭಟ್ಕಳದ ರೋಗಿಗಳಿಗೆ ಚಿಕಿತ್ಸೆ ಕೊಟ್ಟಿದ್ದು ಇದೇ ಪತಂಜಲಿ. ಕೊಚ್ಚಿಯಲ್ಲಿ ಸಂಜೀವನಿ, ವಿಶಾಖಪಟ್ಟಣದಲ್ಲಿ ಕಲ್ಯಾಣಿ. ಎಲ್ಲವೂ ಕಾಗದದಲ್ಲಿ ‘ಆಸ್ಪತ್ರೆ ಹಡಗು’, ಕಣ್ಣಿಗೆ ಕಟ್ಟಡ.

ಕಾಗದದಲ್ಲಷ್ಟೇ ಅಲ್ಲ, ಬಾಯಲ್ಲೂ ಹಾಗೇ. ಅಂಥ ಕಟ್ಟಡದಲ್ಲಿ ನೆಲಕ್ಕೆ ಡೆಕ್ ಅಂತೀವಿ. ಅಡುಗೆಮನೆಗೆ ಗ್ಯಾಲಿ. ಗೇಟು ದಾಟಿ ಪೇಟೆಗೆ ಹೊರಟರೆ ‘ಅಶೋರ್ ಹೋಗ್ತೀನಿ’, ಅಂದರೆ ದಡಕ್ಕೆ ಹೋಗ್ತೀನಿ ಅಂತ. ಹದಿನೈದು ವರ್ಷ ಈ ಮಾತು ಆಡಿದವರು ಊರಿಗೆ ಬಂದು ‘ನಾನು ಆಸ್ಪತ್ರೆ ಹಡಗಲ್ಲಿದ್ದೆ’ ಅಂದರೆ ಅದು ಬಡಾಯಿ ಅಲ್ಲ, ಅವರ ಕೆಲಸದ ಭಾಷೆ. ತುಂಗಭದ್ರಾ ಡ್ಯಾಮಿನ ಹಿನ್ನೀರು ಬಿಟ್ಟರೆ ದೊಡ್ಡ ನೀರು ಕಾಣದ ನಮ್ಮ ಕಡೆ, ಕೇಳಿದವರು ಅದನ್ನು ತೇಲುವ ಹಡಗು ಅಂತಲೇ ತಿಳಿದುಕೊಂಡರು. ಅದರಲ್ಲಿ ತಪ್ಪೇನಿದೆ?

ಈಗ ಗೋಡೆಯ ಮೇಲಿನ ಫೋಟೊ. ಅದನ್ನು ನೀವು ನನಗೂ ಕಳಿಸಿದ್ದೀರಿ. ಅದು ಅಮೆರಿಕದ ‘ಮರ್ಸಿ’ ಅನ್ನುವ ಹಡಗು. 1976ರಲ್ಲಿ ಎಣ್ಣೆ ಸಾಗಿಸುವ ಟ್ಯಾಂಕರ್ ಆಗಿ ಕಟ್ಟಿದ್ದು. ಅದನ್ನು ಆಸ್ಪತ್ರೆಯಾಗಿ ಬದಲಾಯಿಸಿ ನೌಕಾಪಡೆಗೆ ಕೊಟ್ಟಿದ್ದು 1986ರಲ್ಲಿ. ಸಾವಿರ ಹಾಸಿಗೆ, ಹನ್ನೆರಡು ಆಪರೇಷನ್ ಕೋಣೆ. 1990-91ರ ಕೊಲ್ಲಿ ಯುದ್ಧಕ್ಕೆ ಹೋಗಿತ್ತು, 2004ರ ಸುನಾಮಿಯ ನಂತರ ಇಂಡೋನೇಷ್ಯಾಕ್ಕೂ ಹೋಗಿತ್ತು. ಒಳ್ಳೆಯ ಹಡಗು. ಆದರೆ ನಿಮ್ಮಜ್ಜ ನಿವೃತ್ತರಾದ 1978ರಲ್ಲಿ ಅದು ಇನ್ನೂ ಎಣ್ಣೆ ಹೊರುತ್ತಿತ್ತು. ಆ ಫೋಟೊ ಇಳಿಸಿಬಿಡಿ. ಬೀಗರಿಗೆ ಹೆದರಿ ಅಲ್ಲ. ಅಜ್ಜನ ಪಕ್ಕ ತೂಗುಹಾಕಲು ಅದಕ್ಕಿಂತ ಸರಿಯಾದ ಹಡಗು ಅವರ ಕಾಗದದಲ್ಲೇ ಇದೆ.

ಆ ಹಡಗು ದರ್ಶಕ್. ಮೂರರಲ್ಲಿ ನೀವು ಅದರ ಬಗ್ಗೆ ಮಾತ್ರ ಏನೂ ಕೇಳಲಿಲ್ಲ.

ದರ್ಶಕ್ ಸರ್ವೆ ಹಡಗು. ವಿಶಾಖಪಟ್ಟಣದ ಹಿಂದೂಸ್ತಾನ್ ಶಿಪ್‌ಯಾರ್ಡಿನಲ್ಲಿ ಕಟ್ಟಿ, 1964ರಲ್ಲಿ ಸೇವೆಗೆ ಸೇರಿದ್ದು. ಹೊಲಕ್ಕೆ ಸರ್ವೆಯವರು ಬಂದು ಅಳೆಯುತ್ತಾರಲ್ಲ, ಹಾಗೆ ಸಮುದ್ರದ ತಳ ಅಳೆಯುವ ಹಡಗು. ಎಲ್ಲಿ ಎಷ್ಟು ಆಳ, ಎಲ್ಲಿ ಬಂಡೆ, ಎಲ್ಲಿ ಮರಳ ದಿಬ್ಬ ಅಂತ ನೋಡಿ ನಕ್ಷೆ ಮಾಡುತ್ತದೆ. ಅದಿಲ್ಲದೆ ಯಾವ ಹಡಗೂ ಧೈರ್ಯವಾಗಿ ಬಂದರಿಗೆ ಬರಲಾಗದು. ಅಳೆಯುವ ರೀತಿ ಹೀಗೆ: ಹಡಗಿನ ತಳದಿಂದ ಶಬ್ದ ಕಳಿಸುತ್ತಾರೆ. ಅದು ಸಮುದ್ರದ ತಳಕ್ಕೆ ಬಡಿದು ವಾಪಸ್ ಬರಲು ಎಷ್ಟು ಹೊತ್ತಾಯಿತು ಅನ್ನುವುದರಿಂದ ಆಳ ಲೆಕ್ಕ ಹಾಕುತ್ತಾರೆ. ಒಂದು ಗೆರೆ ಹಿಡಿದು ನೇರ ಹೋಗಬೇಕು. ತುದಿ ಮುಟ್ಟಿದ ಮೇಲೆ ತಿರುಗಿ, ಸ್ವಲ್ಪ ಪಕ್ಕಕ್ಕೆ ಸರಿದು, ಅದೇ ಗೆರೆಗೆ ಸಮನಾಗಿ ವಾಪಸ್ ಬರಬೇಕು. ದಿನಗಟ್ಟಲೆ, ವಾರಗಟ್ಟಲೆ ಇದೇ ಕೆಲಸ.

ಈಗ ಅಜ್ಜಿಯ ಮಾತು ಇನ್ನೊಮ್ಮೆ ಓದಿ. ‘ಹೊಲ ಹೂಡಿದಂಗ ಆ ಕಡೆ ಹೋಗೋದು ಈ ಕಡೆ ಬರೋದು.’ ಸರ್ವೆ ಹಡಗಿನ ಓಡಾಟವನ್ನು ಇದಕ್ಕಿಂತ ಚೆನ್ನಾಗಿ ಹೇಳಿದವರನ್ನು ನಾನು ಕಂಡಿಲ್ಲ. ಸಮುದ್ರ ನೋಡದ ಹೆಂಡತಿಗೆ ತನ್ನ ಕೆಲಸದ ಜಾಗ ಹೇಗಿದೆ ಅಂತ ತಿಳಿಸಲು ನಿಮ್ಮಜ್ಜ ಎತ್ತು ನೇಗಿಲಿನ ಮಾತು ಹುಡುಕಿದ್ದಾರೆ. ಇದು ಓದಿದ ದಿನ ರಾತ್ರಿ ನನಗೆ ಬಹಳ ಹೊತ್ತು ನಿದ್ದೆ ಬರಲಿಲ್ಲ.

ಬಣ್ಣದ ವಿಷಯಕ್ಕೂ ಇಲ್ಲೇ ಉತ್ತರ ಇದೆ. ಯುದ್ಧ ಹಡಗುಗಳಿಗೆ ಬೂದು ಬಣ್ಣ. ಸರ್ವೆ ಹಡಗುಗಳಿಗೆ ಬಿಳಿ. ಅಂದರೆ ಅಜ್ಜ ಬಿಳಿ ಹಡಗಿನಲ್ಲಿದ್ದದ್ದು ನಿಜ, ಆಸ್ಪತ್ರೆ ಹಡಗಿನಲ್ಲಿದ್ದದ್ದೂ ನಿಜ. ಅವೆರಡೂ ಬೇರೆ ಬೇರೆ. ಮನೆಯಲ್ಲಿ ಹೇಳುತ್ತಾ ಕೇಳುತ್ತಾ ಎರಡೂ ಸೇರಿ ಒಂದಾಗಿವೆ. ಕೆಂಪು ಶಿಲುಬೆ ಮಾತ್ರ ತಮ್ಮನ ಫೋಟೊದಿಂದ ಬಂದಿದ್ದು. ಅಜ್ಜಿಯ ಮಾತಿನಲ್ಲಿ ಶಿಲುಬೆ ಎಲ್ಲೂ ಇಲ್ಲ, ನೋಡಿ.

ಇನ್ನು ಐ.ಎನ್.ಎಸ್. ಮೈಸೂರು. ಅದು ಪಕ್ಕಾ ಯುದ್ಧ ಹಡಗು, ಕ್ರೂಸರ್. ಮೊದಲು ಬ್ರಿಟಿಷರ ‘ನೈಜೀರಿಯಾ’. 1957ರ ಆಗಸ್ಟಿನಲ್ಲಿ ನಮ್ಮದಾಯಿತು, ಲಾಂಛನದಲ್ಲಿ ಗಂಡಭೇರುಂಡ. ಎರಡನೇ ಮಹಾಯುದ್ಧದಲ್ಲಿ ಉತ್ತರ ಧ್ರುವದ ಹಿಮಗಾಳಿಯಲ್ಲಿ ತಿರುಗಿದ್ದ ಹಡಗು ನಮ್ಮ ರಾಜ್ಯದ ಹೆಸರು ಹೊತ್ತು 1985ರವರೆಗೆ ಸೇವೆ ಮಾಡಿತು. ಅಂಥ ಹಡಗಿನೊಳಗೆ ‘ಸಿಕ್ ಬೇ’ ಅಂತ ಪುಟ್ಟ ಆಸ್ಪತ್ರೆ ಇರುತ್ತದೆ. ಕೆಲವು ಮಂಚ, ಒಂದು ಮೇಜು, ಔಷಧಿಯ ಕಪಾಟು. ನಿಮ್ಮಜ್ಜನ ಕೆಲಸ ಅಲ್ಲಿ. ಅಲೆಗೆ ಹಡಗು ಓಲಾಡುವಾಗ ಸುಟ್ಟ ಕೈಗೆ ಪಟ್ಟಿ ಕಟ್ಟುವುದು, ಜ್ವರದವನಿಗೆ ಇಂಜೆಕ್ಷನ್ ಕೊಡುವುದು ಎಷ್ಟು ಕಷ್ಟ ಅಂತ ನನಗೆ ಗೊತ್ತು. ‘ಸಮುದ್ರಕ್ಕೆ ಹೋಗೇ ಇಲ್ಲ’ ಅನ್ನುವ ಮಾತಿಗೆ ಈ ಎರಡು ಹೆಸರೇ ಸಾಕು.

ಒಂದು ಎಚ್ಚರಿಕೆ. ಇಂಟರ್ನೆಟ್‌ನಲ್ಲಿ ‘ಐ.ಎನ್.ಎಸ್. ಮೈಸೂರು’ ಅಂತ ಹುಡುಕಿದರೆ 1999ರಲ್ಲಿ ಬಂದ ಹೊಸ ಡೆಸ್ಟ್ರಾಯರ್ ಮೊದಲು ಕಾಣುತ್ತದೆ. ‘ದರ್ಶಕ್’ ಅಂದರೆ 2001ರ ಹೊಸ ಸರ್ವೆ ಹಡಗು. ನೌಕಾಪಡೆಯಲ್ಲಿ ಹಳೆಯ ಹಡಗು ಹೋದರೆ ಅದರ ಹೆಸರನ್ನು ಹೊಸದಕ್ಕೆ ಇಡುತ್ತಾರೆ, ನಮ್ಮಲ್ಲಿ ಮೊಮ್ಮಗನಿಗೆ ಅಜ್ಜನ ಹೆಸರು ಇಟ್ಟಂತೆ. ನೀವು ಹಳೆಯ ಕ್ರೂಸರ್, 1964ರ ದರ್ಶಕ್ ಅಂತ ನೋಡಿಕೊಂಡು ಫೋಟೊ ಆರಿಸಿ. ಇಲ್ಲದಿದ್ದರೆ ಇನ್ನೊಂದು ಕುಬಸದಲ್ಲಿ ಇನ್ನೊಬ್ಬರು ಕೇಳುತ್ತಾರೆ.

ಭಾರತಕ್ಕೆ ನಿಜವಾಗಿ ತೇಲುವ ಆಸ್ಪತ್ರೆ ಹಡಗು ಇತ್ತಾ ಅಂದಿರಿ. ಇತ್ತು. ಮೊದಲನೇ ಮಹಾಯುದ್ಧದಲ್ಲಿ ಮದ್ರಾಸ್ ಪ್ರಾಂತ್ಯದಲ್ಲಿ ಯುದ್ಧ ನಿಧಿ ಕೂಡಿಸಿ ಒಂದು ಹಡಗನ್ನು ಸಜ್ಜು ಮಾಡಿದರು. ಹೆಸರು ‘ಮದ್ರಾಸ್’. ನಮ್ಮ ಬಳ್ಳಾರಿ ಆಗ ಅದೇ ಪ್ರಾಂತ್ಯದಲ್ಲಿತ್ತು, ನಿಮ್ಮ ಕೊಪ್ಪಳ ನಿಜಾಮರ ಕೈಯಲ್ಲಿತ್ತು. ಬಸ್ರಾದ ಕಡೆಯಿಂದ ಗಾಯಾಳುಗಳನ್ನು ತರಲು ಇಂಥ ಹಡಗುಗಳೇ ಗತಿ. ಅದೇ ಯುದ್ಧದಲ್ಲಿ ಸೆರೆಸಿಕ್ಕ ತುರ್ಕಿ ಸೈನಿಕರನ್ನು ತಂದು ಇಟ್ಟ ಶಿಬಿರಗಳಲ್ಲಿ ಬಳ್ಳಾರಿಯೂ ಒಂದು. ಸಮುದ್ರ ದೂರವಿದ್ದರೂ ಆ ಯುದ್ಧ ನಮ್ಮೂರಿಗೆ ಬಂದಿತ್ತು.

ಇನ್ನೊಂದರ ಕಥೆ ನನಗೆ ಬಹಳ ಇಷ್ಟ. 1890ರಲ್ಲಿ ನೀರಿಗಿಳಿದ ‘ಎಂಪ್ರೆಸ್ ಆಫ್ ಇಂಡಿಯಾ’ ಅನ್ನುವ ಪ್ರಯಾಣಿಕರ ಹಡಗನ್ನು 1914ರ ಕೊನೆಗೆ ಗ್ವಾಲಿಯರ್ ಮಹಾರಾಜರು ಕೊಂಡರು. ಭಾರತೀಯ ಸೈನಿಕರಿಗಾಗಿ ಆಸ್ಪತ್ರೆ ಹಡಗು ಮಾಡಿಸಿ ‘ಲಾಯಲ್ಟಿ’ ಅಂತ ಹೆಸರಿಟ್ಟರು. ಯುದ್ಧ ಮುಗಿದ ಮೇಲೆ ಅದನ್ನು ಸಿಂಧಿಯಾ ಸ್ಟೀಮ್ ನ್ಯಾವಿಗೇಷನ್ ಕಂಪನಿ ಕೊಂಡಿತು. 1919ರ ಏಪ್ರಿಲ್ 5ರಂದು ಆ ಹಡಗು ಮುಂಬೈನಿಂದ ಲಂಡನ್‌ಗೆ ಹೊರಟಿತು. ಭಾರತೀಯರದೇ ಕಂಪನಿಯ ಹಡಗು, ಬ್ರಿಟಿಷ್ ಕಂಪನಿಗಳ ಎದುರು. ಪ್ರತಿ ವರ್ಷ ಏಪ್ರಿಲ್ 5ನ್ನು ರಾಷ್ಟ್ರೀಯ ಕಡಲ ದಿನ ಅಂತ ಆಚರಿಸುವುದು ಇದಕ್ಕೇ. ಶಾಲೆಯಲ್ಲಿ ಆ ದಿನದ ಬಗ್ಗೆ ಹೇಳುವಾಗ, ಆ ಹಡಗು ನಾಲ್ಕು ವರ್ಷ ಗಾಯಾಳುಗಳನ್ನು ಹೊತ್ತಿತ್ತು ಅಂತಲೂ ಮಕ್ಕಳಿಗೆ ಹೇಳಿ. 1923ರಲ್ಲಿ ಅದನ್ನು ಗುಜರಿಗೆ ಹಾಕಿದರು.

ಸ್ವಾತಂತ್ರ್ಯದ ನಂತರ ನಮ್ಮ ನೌಕಾಪಡೆ ಮರ್ಸಿಯಂಥ ದೊಡ್ಡ ಬಿಳಿ ಹಡಗನ್ನು ಇಟ್ಟುಕೊಳ್ಳಲಿಲ್ಲ. ಅದು ಬಡತನದ ಲಕ್ಷಣ ಅಂತ ನನಗೆ ಅನಿಸುವುದಿಲ್ಲ. ಸಾವಿರ ಹಾಸಿಗೆಯ ಹಡಗು ವರ್ಷದ ಬಹುಪಾಲು ಬಂದರಿನಲ್ಲಿ ಸುಮ್ನೆ ನಿಂತಿರುತ್ತದೆ. ಅಷ್ಟು ದೊಡ್ಡದು ಎಷ್ಟೋ ಸಣ್ಣ ಬಂದರುಗಳಿಗೆ ಹೋಗುವುದೂ ಇಲ್ಲ. ನಮ್ಮವರು ಬೇರೆ ದಾರಿ ಹಿಡಿದರು. ಬೇಕಾದಾಗ ಇರುವ ಹಡಗನ್ನೇ ಆಸ್ಪತ್ರೆ ಮಾಡುವುದು. ಯಾವ ಹಡಗನ್ನು ಗೊತ್ತಾ? ಸರ್ವೆ ಹಡಗನ್ನೇ. 2004ರ ಸುನಾಮಿಯಲ್ಲಿ ಐ.ಎನ್.ಎಸ್. ಜಮುನಾ ಶ್ರೀಲಂಕಾಕ್ಕೆ, ನಿರೂಪಕ್ ಇಂಡೋನೇಷ್ಯಾಕ್ಕೆ ಆಸ್ಪತ್ರೆ ಹಡಗುಗಳಾಗಿ ಹೋದವು. ಎರಡೂ ಸರ್ವೆ ಹಡಗುಗಳು. 2024ರ ಫೆಬ್ರವರಿಯಲ್ಲಿ ಸೇವೆಗೆ ಸೇರಿದ ಹೊಸ ಸಂಧಾಯಕ್ ಕೂಡ ಸರ್ವೆ ಹಡಗೇ. ಅಗತ್ಯ ಬಿದ್ದರೆ ಆಸ್ಪತ್ರೆಯಾಗಬಲ್ಲದು. ಹಾಗಾಗಿ ನಿಮ್ಮ ಮನೆಯವರು ಎರಡು ಹಡಗನ್ನು ಒಂದು ಮಾಡಿಕೊಂಡಿದ್ದು ಅಂಥ ದೊಡ್ಡ ತಪ್ಪೇನಲ್ಲ. ನೌಕಾಪಡೆಯೇ ಅವೆರಡನ್ನು ಒಂದು ಮಾಡಿದೆ.

ಆಸ್ಪತ್ರೆ ಹಡಗಿಗೆ ಯಾರೂ ಗುಂಡು ಹಾರಿಸುವುದಿಲ್ಲ ಅನ್ನುವುದು ಕಾನೂನು, ಖಾತ್ರಿ ಅಲ್ಲ. 1949ರ ಜಿನೀವಾ ಒಪ್ಪಂದದ ಪ್ರಕಾರ ಹೊರಮೈ ಪೂರ್ತಿ ಬಿಳಿ ಇರಬೇಕು, ದೂರಕ್ಕೆ ಕಾಣುವಂತೆ ಕಡುಗೆಂಪು ಶಿಲುಬೆ ಇರಬೇಕು. ಹಡಗಿನ ಹೆಸರು ವಿವರವನ್ನು ಹತ್ತು ದಿನ ಮೊದಲೇ ಎದುರಾಳಿಗೆ ತಿಳಿಸಿರಬೇಕು. ಗುಪ್ತ ಸಂಕೇತ ಬಳಸುವಂತಿಲ್ಲ. ಎದುರಾಳಿ ಬಂದು ತಪಾಸಣೆ ಮಾಡುತ್ತೇನೆ ಅಂದರೆ ಬಿಡಬೇಕು. ಬಿಳಿ ಬಣ್ಣ ಬಳಿದ ಮಾತ್ರಕ್ಕೆ ರಕ್ಷಣೆ ಸಿಗುವುದಿಲ್ಲ.

ಈ ಒಪ್ಪಂದಕ್ಕೆ ಮೊದಲೂ ಇಂಥ ನಿಯಮ ಇದ್ದವು. ಕೆಲವರು ಪಾಲಿಸಿದರು, ಕೆಲವರು ಪಾಲಿಸಲಿಲ್ಲ. 1942ರ ಏಪ್ರಿಲ್ 9ರಂದು ಶ್ರೀಲಂಕಾದ ಪೂರ್ವಕ್ಕೆ ಜಪಾನಿನ ವಿಮಾನಗಳು ಬ್ರಿಟಿಷರ ‘ಹರ್ಮಿಸ್’ ಹಡಗನ್ನು ಮುಳುಗಿಸಿದವು. ಹತ್ತಿರವಿದ್ದ ‘ವೀಟಾ’ ಅನ್ನುವ ಆಸ್ಪತ್ರೆ ಹಡಗನ್ನು ಮುಟ್ಟಲಿಲ್ಲ. ವೀಟಾ ಸುಮಾರು 600 ಜನರನ್ನು ನೀರಿನಿಂದ ಎತ್ತಿತು. ಮರುವರ್ಷ ಮೇ 14ರಂದು ಅದೇ ಜಪಾನಿನ ಜಲಾಂತರ್ಗಾಮಿ ಆಸ್ಟ್ರೇಲಿಯಾದ ‘ಸೆಂಟಾರ್’ ಆಸ್ಪತ್ರೆ ಹಡಗಿಗೆ ಟಾರ್ಪೆಡೊ ಹೊಡೆಯಿತು. 332 ಜನರಲ್ಲಿ 268 ಜನ ಸತ್ತರು. ಹನ್ನೆರಡು ನರ್ಸುಗಳಲ್ಲಿ ಒಬ್ಬರು ಉಳಿದರು. ವೈದ್ಯಕೀಯ ವಿಭಾಗದವರು ಯುದ್ಧದ ಹೊರಗಿರುತ್ತಾರೆ ಅನ್ನುವವರು ಈ ಲೆಕ್ಕ ನೋಡಬೇಕು.

ಪದಕದ ಬಗ್ಗೆ ನಿಮ್ಮ ಕಾಗದದಲ್ಲಿ ‘ಸಂಗ್ರಾಮ್’ ಅಂತಿದೆ ಅಂದಿರಿ. 1971ರ ಯುದ್ಧಕಾಲದ ಸೇವೆಗೆ ಕೊಟ್ಟ ಪದಕ ಅದು. ಎದುರು ನಿಂತು ಗುಂಡು ಹಾರಿಸಿದವರಿಗೆ ಮಾತ್ರ ಕೊಟ್ಟಿದ್ದಲ್ಲ. ಆಗ ಅಜ್ಜ ಅಶ್ವಿನಿಯಲ್ಲಿದ್ದರು ಅಂತ ದಿನಾಂಕ ಹೇಳುತ್ತದೆ. ಯುದ್ಧದ ದಿನಗಳಲ್ಲಿ ನೌಕಾ ಆಸ್ಪತ್ರೆಯ ವಾರ್ಡಿನಲ್ಲಿ ಹಗಲು ರಾತ್ರಿ ನಿಂತವರಿಗೆ ಆ ಪದಕ ಪೂರ್ತಿ ಸಲ್ಲುತ್ತದೆ.

ಇನ್ನು ದಾಖಲೆ. ನಾವಿಕರ ಸರ್ವಿಸ್ ದಾಖಲೆ ನೋಡಿಕೊಳ್ಳುವುದು ಮುಂಬೈನ ಮಾನಖುರ್ದ್‌ನಲ್ಲಿರುವ ಬ್ಯೂರೊ ಆಫ್ ಸೇಲರ್ಸ್. ಅರ್ಜಿಯನ್ನು ಅಜ್ಜಿಯ ಹೆಸರಲ್ಲೇ ಹಾಕಿ, ಕುಟುಂಬ ಪಿಂಚಣಿ ಅವರಿಗೆ ಬರುತ್ತಿರುವುದರಿಂದ ಸಂಬಂಧ ತೋರಿಸುವುದು ಸುಲಭ. ಅಜ್ಜನ ನಂಬರ್, ಪಿಂಚಣಿ ಆದೇಶದ ನಂಬರ್, ಸೇರಿದ ಮತ್ತು ಬಿಟ್ಟ ದಿನಾಂಕ ಬರೆಯಿರಿ. ಜೆರಾಕ್ಸ್ ಮಾತ್ರ ಕಳಿಸಿ. ನನಗೆ ಗೊತ್ತಿದ್ದ ಒಂದು ಮನೆಯವರು ಮೂಲ ಕಾಗದವನ್ನೇ ಅಂಚೆಗೆ ಹಾಕಿದರು. ಅದು ತಲುಪಲೂ ಇಲ್ಲ, ವಾಪಸ್ ಬರಲೂ ಇಲ್ಲ. ಆ ಮನೆಯಲ್ಲಿ ಈಗ ತೋರಿಸಲು ಒಂದು ಚೂರು ಕಾಗದವೂ ಇಲ್ಲ. ಉತ್ತರ ಬರಲು ತಿಂಗಳುಗಳು ಹಿಡಿಯಬಹುದು. ಬಂದರೂ ಯಾವ ಹಡಗು, ಎಂದಿನಿಂದ ಎಂದಿನವರೆಗೆ ಅನ್ನುವಷ್ಟೇ ಇರಬಹುದು. ಕಥೆ ಇರುವುದಿಲ್ಲ.

ಅರ್ಜಿ ಹಾಕುವ ಮೊದಲು ಒಂದು ನೋಡಿ. ಪಿಂಚಣಿ ಕಾಗದ, ಆಧಾರ್, ಬ್ಯಾಂಕ್ ಪಾಸ್‌ಬುಕ್, ಮೂರರಲ್ಲೂ ಅಜ್ಜಿಯ ಹೆಸರು, ಹುಟ್ಟಿದ ದಿನಾಂಕ ಒಂದೇ ಇದೆಯಾ? ನಮ್ಮ ಕಡೆ ಒಂದರಲ್ಲಿ ‘ಅಮ್ಮ’ ಸೇರಿರುತ್ತದೆ, ಇನ್ನೊಂದರಲ್ಲಿ ‘ಅವ್ವ’. ವ್ಯತ್ಯಾಸ ಇದ್ದರೆ ನಿಮ್ಮ ಜಿಲ್ಲೆಯನ್ನು ನೋಡಿಕೊಳ್ಳುವ ಸೈನಿಕ ಕಲ್ಯಾಣ ಕಚೇರಿಯಲ್ಲಿ ಕೇಳಿ ಮೊದಲು ಸರಿಮಾಡಿಸಿ. ಪಿಂಚಣಿಗೆ ತೊಂದರೆಯಾದರೆ ಇತಿಹಾಸ ತಿಳಿದು ಏನು ಮಾಡುವುದು, ಅಲ್ವಾ? ಇದಕ್ಕೆ ಏಜೆಂಟರು ಬೇಡವೇ ಬೇಡ.

ಕಾಗದದ ಫೋಟೊ ತೆಗೆದು ಫೇಸ್‌ಬುಕ್ ಗುಂಪಿನಲ್ಲಿ ಹಾಕಿದರೆ ಅಜ್ಜನ ಜೊತೆಗಾರರು ಯಾರಾದರೂ ಸಿಗಬಹುದು. ಆದರೆ ನಂಬರುಗಳನ್ನು ಮುಚ್ಚಿಯೇ ಹಾಕಿ. ಪಿಂಚಣಿ ನಂಬರ್ ಹಿಡಿದು ‘ಲೈಫ್ ಸರ್ಟಿಫಿಕೇಟ್ ಮಾಡಿಕೊಡ್ತೀವಿ, ಓಟಿಪಿ ಹೇಳಿ’ ಅಂತ ಫೋನ್ ಮಾಡುವ ಕಳ್ಳರು ಜಾಸ್ತಿಯಾಗಿದ್ದಾರೆ. ಮತ್ತೆ, ಆ ಹಳೆಯ ಕಾಗದಕ್ಕೆ ದಯವಿಟ್ಟು ಲ್ಯಾಮಿನೇಷನ್ ಮಾಡಿಸಬೇಡಿ. ಬಿಸಿಗೆ ಶಾಯಿ ಹಾಳಾಗುತ್ತದೆ, ಆಮೇಲೆ ಬಿಡಿಸಲೂ ಆಗದು. ಒಳ್ಳೆಯ ಬಿಳಿ ಹಾಳೆಗಳ ನಡುವೆ ಇಟ್ಟು, ಟ್ರಂಕನ್ನು ತೇವ ಇಲ್ಲದ ಕಡೆ ಇಡಿ.

ಇದ್ಯಾವುದೂ ಬೇಡ, ಇರುವ ಕಾಗದವೇ ಸಾಕು ಅನಿಸಿದರೆ ಅದೂ ಸರಿ. ಹೊಸ ಕಟ್ಟು ಹಾಕಿಸಿ ಹಳೆಯ ದರ್ಶಕ್ ಫೋಟೊ ಇಡಿ. ಕೆಳಗೆ ಮೂರೂ ಹೆಸರು, ಅಜ್ಜ ಸೇರಿದ ವರ್ಷ, ಬಿಟ್ಟ ವರ್ಷ ಬರೆಯಿರಿ. ಅಶ್ವಿನಿಯ ಮುಂದೆ ‘ನೌಕಾ ಆಸ್ಪತ್ರೆ, ಮುಂಬೈ’ ಅಂತ ಸ್ಪಷ್ಟವಾಗಿ ಬರೆಯಿರಿ. ಅದರಲ್ಲಿ ಮುಚ್ಚಿಡುವಂಥದ್ದು ಏನಿಲ್ಲ. ಅವರ ಕೈಯಲ್ಲಿ ಜಾಸ್ತಿ ಜನ ವಾಸಿಯಾಗಿದ್ದು ಅಲ್ಲೇ ಇರಬೇಕು.

ಅಜ್ಜಿಯನ್ನು ಒಂದು ಮಾತು ಕೇಳಿ ನನಗೆ ಬರೆಯಿರಿ. ಸರ್ವೆ ಹಡಗುಗಳು ಮಳೆಗಾಲ ಮುಗಿದ ಮೇಲೆ ಹೊರಟು, ಮುಂಗಾರು ಶುರುವಾಗುವ ಹೊತ್ತಿಗೆ ಬಂದರಿಗೆ ವಾಪಸ್ ಬರುತ್ತವೆ. ನಾವಿಕರಿಗೆ ರಜೆ ಸಿಗುವುದೂ ಹೆಚ್ಚಾಗಿ ಆಗಲೇ. ದರ್ಶಕ್‌ನಲ್ಲಿದ್ದ ವರ್ಷಗಳಲ್ಲಿ ಅಜ್ಜ ಬಿತ್ತನೆ ಹೊತ್ತಿಗೆ ಊರಲ್ಲಿರುತ್ತಿದ್ದರಾ?